ಬಾಯಲ್ಲಿ ಉಳಿದ ಪದಗಳು

ಸತ್ತವರ ಮನೆಯಲ್ಲಿ ರಾತ್ರಿ ಎರಡು ಗಂಟೆ ದಾಟಿದ ಮೇಲೆ ಯಾವ ಪದ ಎತ್ತಬೇಕು ಅನ್ನೋದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಪದ ಅಂದರೆ ನಮ್ಮಲ್ಲಿ ಹಾಡು. ನಮ್ಮ ಕಡೆ, ಅಂದರೆ ನರಗುಂದ, ನವಲಗುಂದ, ರೋಣದ ಸುತ್ತಮುತ್ತ, ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಭಜನೆ ಇರುತ್ತದೆ. ಪಡಸಾಲೆಯಲ್ಲಿ ಶವವನ್ನು ಕೂರಿಸಿರುತ್ತಾರೆ. ಅದರ ಎದುರಿಗೇ ನಮ್ಮ ಮೇಳ ಕೂರುತ್ತದೆ. ಮೊದಲ ಎರಡು ತಾಸು ಎಲ್ಲರೂ ದನಿ ಕೂಡಿಸುತ್ತಾರೆ. ನಡುರಾತ್ರಿ ಚಹಾ ಬರುತ್ತದೆ. ಆಮೇಲೆ ನಿದ್ದೆ ಎಳೆಯುತ್ತದೆ, ತಾಳ ಜಾರುತ್ತದೆ, ಅತ್ತು ಅತ್ತು ಹೆಂಗಸರ ಗಂಟಲು ಕಟ್ಟಿರುತ್ತದೆ. ಆ ಹೊತ್ತಿಗೆ ಎತ್ತುವ ಪದ ಹಗುರ ಇರಬೇಕು. ಪಲ್ಲವಿ ಒಂದೇ ಉಸಿರಿಗೆ ಮುಗಿಯಬೇಕು. ಮೊದಲ ಸಲ ಕೇಳಿದವರು ಎರಡನೇ ಸಲಕ್ಕೆ ಹಿಂದೆ ಹಾಡುವಂತಿರಬೇಕು. ಇಲ್ಲದಿದ್ದರೆ ನಾನೊಬ್ಬನೇ ಹಾಡುತ್ತಿರುತ್ತೇನೆ, ಆ ಮನೆಯವರು ಸುಮ್ನೆ ಕೂತಿರುತ್ತಾರೆ. ಅದಕ್ಕಿಂತ ಕೆಟ್ಟ ಭಜನೆ ಇನ್ನೊಂದಿಲ್ಲ.

ಪದ ಬರೆಯುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಇಂಥ ರಾತ್ರಿಗಳಲ್ಲಿ. ಅದಕ್ಕೂ ಮೊದಲು ಹದಿನೈದು ವರ್ಷ ಬರೆದಿದ್ದೆ. ಬರೆದದ್ದು ಜಾಸ್ತಿ, ತಿಳಿದದ್ದು ಕಡಿಮೆ.

ನಾನು ಹುಟ್ಟಿದ್ದು 1959ರಲ್ಲಿ, ಮಲಪ್ರಭೆಯ ದಂಡೆಯ ಒಂದು ಎರೆಮಣ್ಣಿನ ಊರಿನಲ್ಲಿ. ಆಗ ಅದು ಧಾರವಾಡ ಜಿಲ್ಲೆ, 1997ರಿಂದ ಗದಗ ಜಿಲ್ಲೆ. ಜೋಳ, ಕಡಲೆ, ಹತ್ತಿ ಬೆಳೆಯುವ ಆರು ಎಕರೆ. ಅಪ್ಪನಿಗೆ ಹಾಡು ಕೇಳುವುದು ಇಷ್ಟ, ಮಗ ಹಾಡುಗಾರನಾಗುವುದು ಇಷ್ಟವಿರಲಿಲ್ಲ. ಅವ್ವ ಬೀಸುವಾಗ ಹಾಡುತ್ತಿದ್ದಳು. ಬೀಸುವ ಕಲ್ಲಿನ ಪದಗಳು ಜಾಸ್ತಿ ಮೂರು ಸಾಲಿನವು. ಎರಡನೇ ಸಾಲನ್ನು ತಿರುಗಿ ಎಳೆದು ಹಾಡಿ ಮೂರನೆಯದಕ್ಕೆ ಬರುತ್ತಾರೆ. ಹಾಗೆ ತಿರುಗಿ ಹಾಡುವಷ್ಟರಲ್ಲಿ ಮುಂದಿನ ಸಾಲು ನೆನಪಾಗುತ್ತದೆ, ಇಲ್ಲವೇ ಹೊಸದು ಹುಟ್ಟುತ್ತದೆ. ಅವ್ವ ಎಷ್ಟೋ ಸಾಲುಗಳನ್ನು ಅಲ್ಲೇ ಕಟ್ಟುತ್ತಿದ್ದಳು. ತವರಿನ ಸುದ್ದಿ, ಅಣ್ಣ ಹಬ್ಬಕ್ಕೆ ಕರೆಯಲು ಬಾರದ ಸಿಟ್ಟು, ಮಳೆ ಹೋದ ಚಿಂತೆ, ಎಲ್ಲವೂ ಕಲ್ಲಿನ ಸುತ್ತಿಗೆ ಕೂಡಿಕೊಂಡು ಬರುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಸರಿಯಿತು. ಅವ್ವನಿಗೆ ತೋಳಿನ ನೋವು ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಸುಮ್ಮನೆ ಕೂತು ಹಾಡು ಅಂದರೆ ಅವಳಿಗೆ ಬರುತ್ತಿರಲಿಲ್ಲ. "ಕೈ ತಿರಗದ ಪದಾ ಹೆಂಗ ಬರತೈತಿ ತಮ್ಮಾ?" ಅನ್ನುತ್ತಿದ್ದಳು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ಮೊದಲ ಪದ ಮೊಹರಂ ಹಬ್ಬದ್ದು. 1976ರ ಜನವರಿ, ನನಗೆ ಹದಿನೇಳು ನಡೆಯುತ್ತಿತ್ತು. ಮೊಹರಂಗೆ ನಮ್ಮೂರಲ್ಲಿ ಅಲಾಯಿ ಹಬ್ಬ ಅನ್ನುತ್ತಾರೆ, ಎಲ್ಲ ಜಾತಿಯವರೂ ಕೂಡಿ ಮಾಡುತ್ತಾರೆ. ಡೋಲಿ ಹೊರುವವರಲ್ಲಿ ಲಿಂಗಾಯತರೂ ಇದ್ದಾರೆ, ಕುರುಬರೂ ಇದ್ದಾರೆ. ಬೆಂಕಿ ಹಾಕುವ ಗುಂಡಿ, ಅಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆಮೇಳದವರು ಕಾಲಿಗೆ ಗೆಜ್ಜೆ ಕಟ್ಟಿ, ಕರ್ಬಲಾದ ಯುದ್ಧದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಕ್ಕಳಾದ ಹಸನ್ ಹುಸೇನರ ಮನೆತನಕ್ಕೆ ಬಂದ ಕಷ್ಟವನ್ನು ಕನ್ನಡದಲ್ಲಿ ಹಾಡುತ್ತಾರೆ. ಇವು ರಿವಾಯತ್ ಪದಗಳು. ಆ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ಮರಳಿನಲ್ಲಿ. ನಮ್ಮ ಪದಗಳಲ್ಲಿ ನೀರಿಲ್ಲದೆ ಒದ್ದಾಡುವ ಆ ಮಕ್ಕಳು ನಮ್ಮ ಬರಗಾಲದ ಮಕ್ಕಳ ಹಾಗೇ ಅಳುತ್ತವೆ. ಕೇಳುವ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ನಾನು ನಾಲ್ಕು ನುಡಿ, ಅಂದರೆ ನಾಲ್ಕು ಚರಣ, ಬರೆದು ಮೇಳದ ಹಿರಿಯರ ಹತ್ತಿರ ಒಯ್ದೆ. ಅವರನ್ನು ಊರೆಲ್ಲ ಕಾಕಾ ಅಂತಲೇ ಕರೆಯುತ್ತಿತ್ತು. ಓದಿಸಿ ಕೇಳಿದರು. "ಚಲೋ ಬರದೀ. ಈಗ ಎದ್ದ ನಿಂತ ಹೆಜ್ಜಿ ಹಾಕಿ ಹಾಡು" ಅಂದರು. ಎದ್ದು ನಿಂತೆ. ಮೊದಲ ಸಾಲಿಗೇ ಕಾಲು ತಡವರಿಸಿತು. ಪದದ ಒತ್ತು ಒಂದು ಕಡೆ, ಕಾಲಿನ ಒತ್ತು ಇನ್ನೊಂದು ಕಡೆ. "ಹೆಜ್ಜಿಗೆ ಕೂಡಂಗಿಲ್ಲ ನೋಡಪಾ. ಕುಂತ ಬರದೀ, ಅದಕ್ಕ" ಅಂದು ಬೆನ್ನು ತಟ್ಟಿದರು. ಆ ವರ್ಷ ಚಳಿ ಜೋರಿತ್ತು. ಅಲಾಯಿ ಕುಣಿಯ ಬೆಂಕಿಯ ಹತ್ತಿರ ನಿಂತು, ಮೂರು ರಾತ್ರಿ ಅವರ ಹಿಂದೆ ಹೆಜ್ಜೆ ಹಾಕುತ್ತಾ ಅದೇ ಪದವನ್ನು ತಿದ್ದಿದೆ. ನಾಲ್ಕು ನುಡಿಯಲ್ಲಿ ಒಂದೂವರೆ ಉಳಿಯಿತು. ಅದನ್ನು ಅವರು ಕತ್ತಲ ರಾತ್ರಿಯಂದು, ಅಂದರೆ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿ, ಹಾಡಿದರು.

ಪೇಟಿ ಕಲಿತದ್ದು ಮುಂದಿನ ವರ್ಷ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅಂತಲೇ ಹೆಸರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಬ್ಬ ಮಾಸ್ತರು ಪಕ್ಕದ ಊರಿನ ಮಠಕ್ಕೆ ಬಂದಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆ ಆಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಊಟ, ವಸತಿ, ಸಂಗೀತ ಮೂರನ್ನೂ ಪಡೆದು ಹೊರಗೆ ಬಂದು ಸ್ವಂತ ಕಾಲ ಮೇಲೆ ನಿಂತಿದ್ದಾರೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು 2010ರವರೆಗೆ ನಡೆಸಿದರು. ಅವರಿಬ್ಬರಿಗೂ ಕಣ್ಣಿರಲಿಲ್ಲ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಅಲ್ಲಿ ಪೇಟಿ ಬಾರಿಸುವವರ ಗುರುವನ್ನೋ, ಗುರುವಿನ ಗುರುವನ್ನೋ ಕೇಳಿ ನೋಡಿ. ಬಹಳ ಸಲ ದಾರಿ ಗದಗಿಗೆ ಹೋಗಿ ಮುಟ್ಟುತ್ತದೆ.

ಮಾಸ್ತರು ಆರು ತಿಂಗಳು ನನ್ನಿಂದ ಬರೀ ಅಲಂಕಾರ, ಅಂದರೆ ಸ್ವರಗಳ ಅಭ್ಯಾಸ, ಮಾಡಿಸಿದರು. ಪೇಟಿಯ ಬಗ್ಗೆ ಅವರು ಹೇಳುತ್ತಿದ್ದ ಒಂದು ಸಂಗತಿ ನನಗೆ ಬಹಳ ವರ್ಷ ಕೆಲಸಕ್ಕೆ ಬಂತು. ಆಕಾಶವಾಣಿಯಲ್ಲಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಂಗೆ ಪ್ರವೇಶ ಇರಲಿಲ್ಲ. ಪೇಟಿಯ ಸ್ವರಗಳು ಮೆಟ್ಟಿಲ ಹಾಗೆ ಬೇರೆ ಬೇರೆ ನಿಲ್ಲುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲ ಅನ್ನೋದು ಕಾರಣ. "ಅದು ಖರೇನ" ಅನ್ನುತ್ತಿದ್ದರು ಮಾಸ್ತರು. "ಪೇಟಿಗೆ ಮೀಂಡ ಬರೂದಿಲ್ಲ. ಮನಷಾನ ಗಂಟಲಿಗೆ ಬರತೈತಿ. ಅದಕ್ಕ ಪೇಟಿ ಹಿಂದಿರಬೇಕು, ಗಂಟಲಾ ಮುಂದಿರಬೇಕು." ಇವತ್ತಿಗೂ ಹಾಗೇ ಬಾರಿಸುತ್ತೇನೆ. ಹಾಡುವವರ ದನಿ ಜಾರುವ ಜಾಗದಲ್ಲಿ ಬೆರಳು ಎತ್ತಿಬಿಡುತ್ತೇನೆ.

ಅವರಿಂದ ಕಲಿತ ಇನ್ನೊಂದು ವಿಷಯ ನೇರವಾಗಿ ಪದ ಬರೆಯುವುದಕ್ಕೆ ಸೇರಿದ್ದು. ಹೊಸ ಪದ ಒಯ್ದರೆ ಮಾತುಗಳನ್ನು ಬಿಟ್ಟು ಬರೀ 'ಆ', 'ಉ' ಇಂಥ ಸ್ವರಾಕ್ಷರದಲ್ಲಿ ಹಾಡು ಅನ್ನುತ್ತಿದ್ದರು. ಕನ್ನಡದ ಮಾತುಗಳು ಬಹಳಷ್ಟು 'ಉ'ಕಾರಕ್ಕೆ ಮುಗಿಯುತ್ತವೆ, ಅಲ್ವಾ? ಬಂದಿತು, ಹೋಯಿತು, ಮುಳುಗಿತು. ಓದಲು ಚೆಂದ. ಆದರೆ ತುಟಿ ಮುಚ್ಚಿಕೊಂಡು ದನಿ ಎಳೆಯಲು ಆಗುವುದಿಲ್ಲ. ನೂರು ಜನ ಕೂತಲ್ಲಿ ಅದು ಹಿಂದಿನ ಸಾಲಿಗೂ ಮುಟ್ಟುವುದಿಲ್ಲ. ಎಳೆಯುವ ಜಾಗದಲ್ಲಿ 'ಆ', 'ಏ', 'ಓ' ಇರಬೇಕು. ಹಳೆಯ ತತ್ವಪದಗಳಲ್ಲಿ ಸಾಲಿನ ಕೊನೆಗೆ ಅಣ್ಣಾ, ತಮ್ಮಾ, ತಂಗೀ, ಮರುಳೇ ಅಂತ ಕರೆಯುವುದು ಯಾಕೆ ಅಂತ ಆಗ ಹೊಳೆಯಿತು. ಅದು ಬುದ್ಧಿ ಹೇಳಲು ಕರೆಯುವುದೂ ಹೌದು. ಬಾಯಿ ತೆರೆಸುವ ದಾರಿಯೂ ಹೌದು.

1981ರಿಂದ ಸುಮಾರು ಇಪ್ಪತ್ತು ವರ್ಷ ನನ್ನ ಹೊಟ್ಟೆ ತುಂಬಿದ್ದು ಹಳ್ಳಿಯ ನಾಟಕಗಳಿಂದ. ಜಾತ್ರೆ ಬಂತೆಂದರೆ ಊರಿನ ಹುಡುಗರು ನಾಟಕ ಆಡುತ್ತಾರೆ. ಪೇಟಿ ಮಾಸ್ತರನನ್ನು ಒಂದು ತಿಂಗಳ ಮುಂಚೆ ಕರೆಸುತ್ತಾರೆ. ಹಗಲು ಅವರಿಗೆ ಹೊಲದ ಕೆಲಸ, ರಾತ್ರಿ ಗುಡಿಯಲ್ಲೋ ಶಾಲೆಯಲ್ಲೋ ತಾಲೀಮು. ಮಲಗುವುದೂ ಅಲ್ಲೇ. ಊಟ ದಿನಕ್ಕೊಂದು ಮನೆಯಲ್ಲಿ. ನಾಟಕ ಎಷ್ಟೋ ಸಲ ಹಳೆಯದಿರುತ್ತದೆ, ಆದರೆ ಹಾಡು ಹೊಸದು ಬೇಕು ಅನ್ನುತ್ತಾರೆ. ಹಾಗಾಗಿ ವರ್ಷಕ್ಕೆ ಹತ್ತು ಹನ್ನೆರಡು ಹಾಡು ಬರೆಯುತ್ತಿದ್ದೆ.

ಅಲ್ಲಿ ಕಲಿತದ್ದು ಶ್ರುತಿಯ ಲೆಕ್ಕ. ನಮ್ಮಲ್ಲಿ ಅದಕ್ಕೆ ಪಟ್ಟಿ ಅನ್ನುತ್ತಾರೆ. ಪೇಟಿಯ ಕರಿ, ಬಿಳಿ ಮನೆಗಳನ್ನು ಎಣಿಸಿ ಅದನ್ನು ಹೇಳುತ್ತಾರೆ, ಕರಿ ಒಂದಕ್ಕಿಂತ ಕರಿ ನಾಲ್ಕು ಎತ್ತರ. ಊರಿನ ಗಂಡಸರು ಸಾಧಾರಣವಾಗಿ ಕರಿ ಒಂದರಲ್ಲಿ ಹಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಬೇರೆ ಊರಿನಿಂದ ಬರುವ ಕಲಾವಿದೆಯರು ಪ್ರಯೋಗದ ಹಿಂದಿನ ದಿನವೋ, ಅದೇ ದಿನ ಸಂಜೆಯೋ ಬರುತ್ತಾರೆ. ಅವರ ಪಟ್ಟಿ ಕರಿ ನಾಲ್ಕು, ಕೆಲವರದು ಕರಿ ಐದು. ಒಂದು ತಿಂಗಳು ಕರಿ ಒಂದರಲ್ಲಿ ಕೂತ ನಾಯಕನ ಹಾಡಿನ ಬೆನ್ನಿಗೇ ನಾಯಕಿಯ ನುಡಿ ಬಂದರೆ ಏನು ಮಾಡುವುದು? ಮೊದಮೊದಲು ಒದ್ದಾಡಿದೆ. ಆಮೇಲೆ ಇಬ್ಬರೂ ಹಾಡುವ ಹಾಡನ್ನು ಬರೆಯುವಾಗಲೇ ಸ್ವರದ ಹರವು ಕಡಿಮೆ ಇಟ್ಟೆ. ಮಂದ್ರದ ಪಂಚಮದಿಂದ ಮಧ್ಯದ ಪಂಚಮದವರೆಗೆ, ಅಷ್ಟೇ. ಆಗ ಪಟ್ಟಿಯನ್ನು ಬಿಳಿ ನಾಲ್ಕಕ್ಕೆ ಇಟ್ಟರೂ ಇಬ್ಬರಿಗೂ ನಿಭಾಯಿಸಲು ಬರುತ್ತದೆ. ಹಳ್ಳಿಯ ರೈತನೊಬ್ಬ ಇಡೀ ಊರಿನ ಮುಂದೆ ನಿಂತು ತಾರಕದ ಷಡ್ಜ ಮುಟ್ಟಲಾಗದೆ ತಲೆ ತಗ್ಗಿಸಿದರೆ ತಪ್ಪು ಅವನದಲ್ಲ, ಹಾಡು ಕಟ್ಟಿದವನದು. ಈ ಮಾತನ್ನು ನನ್ನ ಹತ್ತಿರ ಕಲಿಯಲು ಬಂದ ಎಲ್ಲರಿಗೂ ಹೇಳಿದ್ದೇನೆ.

ಮದುವೆಯಾದದ್ದು 1985ರಲ್ಲಿ. ಹೆಂಡತಿಗೆ ಓದು ಬರೆಯಲು ಬರುವುದಿಲ್ಲ. ಕೇಳಿದ ಪದ ಬಿಡುವುದಿಲ್ಲ. ಮನೆಯಲ್ಲಿ ನಾನು ವರ್ಷಕ್ಕೆ ಐದು ತಿಂಗಳೂ ಇರುತ್ತಿರಲಿಲ್ಲ. ಮಗಳು ಹುಟ್ಟಿದಾಗ ನಾನು ಎಂಬತ್ತು ಮೈಲಿ ದೂರ ತಾಲೀಮಿನಲ್ಲಿದ್ದೆ. ಆ ವರ್ಷಗಳ ಸಂಸಾರವನ್ನು ಅವಳು ಮತ್ತು ನನ್ನ ತಮ್ಮ ನಡೆಸಿದರು. ತಮ್ಮ ಹೊಲ ನೋಡಿದ, ಸಂಜೆಗೆ ತಬಲಾ ಬಾರಿಸಿದ. ನಾನು ಊರಿಗೆ ಬಂದಾಗಲೆಲ್ಲ ಅಮಾವಾಸ್ಯೆ ಭಜನೆಗೆ ಅವನದೇ ಠೇಕಾ. ಅವನ ಕೆರವಾ ತಾಳ ಎಷ್ಟು ಗಟ್ಟಿ ಇತ್ತೆಂದರೆ, ಕಣ್ಣು ಮುಚ್ಚಿ ಹಾಡಿದರೂ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿದೆ ಅಂತ ಎದೆಗೆ ಗೊತ್ತಾಗುತ್ತಿತ್ತು.

ಆ ದಿನಗಳಲ್ಲಿ ದೇವರ ಬಗ್ಗೆ ನನಗೆ ಗಟ್ಟಿ ನಂಬಿಕೆ ಇತ್ತು ಅಂತ ಹೇಳಲಾರೆ. ಬಸವಣ್ಣನ ಜಾತ್ರೆಗೆ ಬಸವಣ್ಣನ ಪದ, ಮೊಹರಂಗೆ ರಿವಾಯತ್, ದೇವಿಗೆ ದೇವಿಯ ಪದ. ಕೇಳಿದವರಿಗೆ ಕೇಳಿದ್ದನ್ನು ಬರೆದು ಕೊಡುತ್ತಿದ್ದೆ. ಕೊನೆಯ ನುಡಿಯಲ್ಲಿ ಆಯಾ ದೇವರ ಅಂಕಿತ ಕೂರಿಸುತ್ತಿದ್ದೆ. ಅದು ಕೆಲಸ. ಚೆನ್ನಾಗಿ ಮಾಡುತ್ತಿದ್ದೆ, ಅಷ್ಟೇ.

1991ರಲ್ಲಿ ಅಪ್ಪ ತೀರಿಕೊಂಡ. ಪಡಸಾಲೆಯಲ್ಲಿ ಅಪ್ಪನನ್ನು ಕೂರಿಸಿದರು. ನಮ್ಮ ಮೇಳವೇ ಬಂದು ಕೂತಿತು, ಪೇಟಿಗೆ ಪಕ್ಕದ ಊರಿನವರು ಬಂದರು. ಮಗ ಅಂದು ಹಾಡುವುದಿಲ್ಲ, ಗೋಡೆಗೆ ಒರಗಿ ಕೂರುತ್ತಾನೆ. ನಾನು ಮೊದಲ ಸಲ ಪೇಟಿಯ ಈ ಕಡೆ ಕೂತಿದ್ದೆ. ಅಷ್ಟು ವರ್ಷ ಸಾವಿನ ಮನೆಗಳಲ್ಲಿ ಹಾಡಿದ್ದರೂ ಎದುರಿಗೆ ಕೂತವರಿಗೆ ಏನು ಕೇಳಿಸುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಾತು ಅರ್ಧ ಕಿವಿಗೆ ಬೀಳುವುದಿಲ್ಲ. ತಾಳ ಬೀಳುತ್ತದೆ. ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ಹೊಳೆ ಬಂದು ದಂಡೆಗೆ ಬಡಿಯುವ ಹಾಗೆ. ಮೂರನೇ ಪದಕ್ಕೆ ನನ್ನ ಬಾಯಿ ತಾನೇ ತೆರೆಯಿತು. ನಾನು ಹಾಡುತ್ತಿದ್ದೇನೆ ಅಂತ ಎರಡು ಸಾಲು ಹಾಡಿದ ಮೇಲೆ ತಿಳಿಯಿತು. ಪಕ್ಕದಲ್ಲಿ ಅವ್ವನೂ ಹಾಡುತ್ತಿದ್ದಳು.

ನಡುರಾತ್ರಿಯ ಮೇಲೆ ಮೇಳದವರು ನನಗೆ ಸಮಾಧಾನ ಆಗಲಿ ಅಂತ ನನ್ನದೇ ಒಂದು ಪದ ಎತ್ತಿದರು. ಭಜನಾ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದ ಪದ ಅದು. ಜೋಗಿಯಾ ರಾಗ, ದೀಪಚಂದಿ ತಾಳ, ಹದಿನಾಲ್ಕು ಮಾತ್ರೆ. ಸಂಸ್ಕೃತದ ದೊಡ್ಡ ದೊಡ್ಡ ಮಾತುಗಳಿದ್ದವು. ಅದನ್ನು ಬರೆದವನು ನಾನು, ಆ ರಾತ್ರಿ ನನಗೇ ಅದನ್ನು ಹಾಡಲು ಬರಲಿಲ್ಲ. ಅವ್ವ ಸುಮ್ಮನಾದಳು. ಮನೆಯಲ್ಲಿ ಕೂತ ಅಷ್ಟೂ ಜನ ಸುಮ್ಮನಾದರು. ಪೇಟಿಯವರು ಅರ್ಧಕ್ಕೇ ಮುಗಿಸಿ ಹಳೆಯದೊಂದು ಪದಕ್ಕೆ ಹೊರಳಿದರು. ಮನೆ ತಿರುಗಿ ಹಾಡತೊಡಗಿತು. ಬೆಳಗಿನ ಭೈರವಿ ರಾಗದವರೆಗೆ ನಿಲ್ಲಲಿಲ್ಲ.

ನಂಬಿಕೆ ಅನ್ನೋ ಮಾತಿಗೆ ನನ್ನಲ್ಲಿರುವ ಅರ್ಥ ಆ ರಾತ್ರಿಯದು. ದೇವರನ್ನು ಕಂಡೆ ಅಂತ ಹೇಳುತ್ತಿಲ್ಲ. ನನ್ನ ಕೈಯಲ್ಲಿ ಬಲವಿಲ್ಲದಾಗ ನನ್ನನ್ನು ಬೆಳಗಿನವರೆಗೆ ಒಯ್ದದ್ದು ಏನೋ ಇತ್ತು. ಅದು ಆ ಹಾಡಿನ ಒಳಗಿತ್ತು, ಹಾಡುವವರ ನಡುವೆ ಇತ್ತು. ಅದಕ್ಕೆ ನಾನು ಕೈ ಮುಗಿಯುತ್ತೇನೆ. ಯಾವ ಹೆಸರಿನಿಂದ ಕರೆದರೂ ನನಗೆ ಬೇಜಾರಿಲ್ಲ.

ಹದಿಮೂರನೇ ದಿನಕ್ಕೆ ಬರೆಯಲು ಕೂತೆ. ಕೂತೆ ಅಂದರೆ ಕೂರಲಿಲ್ಲ, ಹೊಲದ ದಾರಿಯಲ್ಲಿ ನಡೆಯುತ್ತಾ ಬಾಯಲ್ಲಿ ಕಟ್ಟಿದೆ. ಮೊದಲು ಬಂದ ಸಾಲು ಇದು:

ಎತ್ತ ಹೊಂಟೀಯೋ ಹಂಸಾ, ಹೊತ್ತು ಮುಳುಗಿತು

ಹಂಸ ಅಂದರೆ ಜೀವ. ಕೆರವಾ ಎಂಟು ಮಾತ್ರೆಯ ತಾಳ. ಲೆಕ್ಕ ಹಾಕಿ. 'ಎತ್ತ ಹೊಂಟೀಯೋ' ಒಂಬತ್ತು ಮಾತ್ರೆ, ಒಂದು ಜಾಸ್ತಿ. 'ಹೊತ್ತು ಮುಳುಗಿತು' ಏಳು, ಒಂದು ಕಡಿಮೆ. ನಡೆಯುವಾಗ ಕಾಲು ಎರಡೂ ಕಡೆ ಮುಗ್ಗರಿಸಿತು. ಮೇಲಾಗಿ ಸಾಲಿನ ಕೊನೆಗೆ 'ತು'. ಎಳೆಯಲು ಬರುವುದಿಲ್ಲ. ಎರಡು ದಿನ ಆದ ಮೇಲೆ ಸಾಲು ತಾನೇ ಹೊರಳಿತು:

ಹೊತ್ತು ಮುಳುಗಿತೋ ಹಂಸಾ, ಎತ್ತ ಹೊಂಟೆಯೋ

ಈಗ 'ಹೊತ್ತು ಮುಳುಗಿತೋ' ಎಂಟು, 'ಎತ್ತ ಹೊಂಟೆಯೋ' ಎಂಟು. ನಡುವಿನ 'ಹಂಸಾ'ಕ್ಕೆ ನಾಲ್ಕೇ ಮಾತ್ರೆ. ಅದನ್ನು ಎಳೆದು ಎಂಟು ಮಾಡಬೇಕು. ದಣಿದವರು ಉಸಿರು ತೆಗೆದುಕೊಳ್ಳುವ ಜಾಗ ಅದು. ಎರಡು ಕಡೆ 'ತ್ತ' ಪ್ರಾಸ ಕೂಡಿದ್ದು ನಾನು ಹುಡುಕಿದ್ದಲ್ಲ, ಅವ್ವನ ಬೀಸುವ ಪದಗಳಿಂದ ಕಿವಿಯಲ್ಲಿ ಕೂತದ್ದು. ಭೀಮಪಲಾಸ ರಾಗದ ನೆರಳಿನಲ್ಲಿ ಐದಾರು ಸ್ವರಗಳ ಒಳಗೆ ಧಾಟಿ ಕೂರಿಸಿದೆ. ಹೆಂಡತಿ ರೊಟ್ಟಿ ಬಡಿಯುವಾಗ ಹಾಡಿ ತೋರಿಸಿದೆ. ರೊಟ್ಟಿ ಬಡಿಯುವ ಕೈ ತಾಳ ತಪ್ಪಲಿಲ್ಲ. ಅಲ್ಲಿಂದ ನನ್ನ ಎಲ್ಲ ಪದಗಳಿಗೂ ಮೊದಲ ಪರೀಕ್ಷೆ ಒಲೆಯ ಮುಂದೆಯೇ ಆಗಿದೆ.

ಆ ಪದಕ್ಕೆ ಅಂಕಿತ ಬೇಕಲ್ಲ. ನಮ್ಮ ಸೀಮೆಯ ಶಿಶುನಾಳ ಶರೀಫರ (1819–1889) ಅಂಕಿತದಲ್ಲಿ ಅವರ ಊರೇ ಇದೆ, ಊರಿನ ಒಡೆಯನಿದ್ದಾನೆ, ಅವರ ಸ್ವಂತ ಹೆಸರಿಲ್ಲ. ರಿವಾಯತ್ ಬರೆದದ್ದೂ ಅವರೇ, ತತ್ವಪದ ಬರೆದದ್ದೂ ಅವರೇ. ನಾನೂ ನಮ್ಮೂರ ಗುಡಿಯ ಬಸವಣ್ಣನನ್ನು ಊರಿನ ಹೆಸರು ಸೇರಿಸಿ ಅಂಕಿತ ಮಾಡಿಕೊಂಡೆ. ಅಪ್ಪ ದಿನಾ ಹೊಲಕ್ಕೆ ಹೋಗುವಾಗ ಕೈ ಮುಗಿಯುತ್ತಿದ್ದ ಗುಡಿ ಅದು. ಮುಂದೆ ಬರೆದದ್ದಕ್ಕೆಲ್ಲ ಅದೇ.

ಕ್ಯಾಸೆಟ್ಟಿನ ಕಾಲ ಬಂತು. 1994ರಲ್ಲಿ ಒಂದು ಕಂಪನಿಯವರು ನನ್ನ ಎಂಟು ಪದ ತೆಗೆದುಕೊಂಡರು. ಕೈಗೆ ಎರಡು ಸಾವಿರ ರೂಪಾಯಿ ಕೊಟ್ಟರು. ನಾಲ್ಕು ತಿಂಗಳಿಗೆ ಕ್ಯಾಸೆಟ್ ಬಂತು. ಮೇಲೆ ನನ್ನ ಹೆಸರಿರಲಿಲ್ಲ. ಅದನ್ನು ಸಹಿಸುತ್ತಿದ್ದೆನೇನೋ. ಒಳಗೆ ಅಂಕಿತ ಬದಲಾಗಿತ್ತು. ದೊಡ್ಡ ಜಾತ್ರೆ ಆಗುವ ಬೇರೆ ಊರಿನ ದೇವರ ಹೆಸರು ಸೇರಿಸಿದ್ದರು, ಆ ಜಾತ್ರೆಯಲ್ಲಿ ಮಾರಾಟ ಆಗಲಿ ಅಂತ. ಅಪ್ಪನಿಗಾಗಿ ಬರೆದ ಪದವೂ ಆ ಎಂಟರಲ್ಲಿತ್ತು. ನಾನು ಮೂರು ದಿನ ಊಟ ಮಾಡಲಿಲ್ಲ. ಹೆಂಡತಿ ಕೇಳಿದ್ದು ಒಂದೇ, "ಕಾಗದದ ಮ್ಯಾಲ ಏನರ ಬರಸಿಕೊಂಡಿದ್ರೇನು?" ಬರೆಸಿಕೊಂಡಿರಲಿಲ್ಲ.

ಇದನ್ನು ಹೊಸಬರು ದಯವಿಟ್ಟು ಕೇಳಿಸಿಕೊಳ್ಳಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವನ ಹಕ್ಕು ಅವನ ಜೀವಮಾನ, ಆಮೇಲೆ 60 ವರ್ಷ ಇರುತ್ತದೆ. 2012ರ ತಿದ್ದುಪಡಿ ಆದ ಮೇಲೆ ಹಾಡು ಬರೆದವರ ಮತ್ತು ಸಂಗೀತ ಕೂಡಿಸಿದವರ ರಾಯಲ್ಟಿ ಪಾಲಿಗೆ ಇನ್ನೂ ಬಲ ಬಂದಿದೆ. ಯಾರೇ ಕೇಳಿದರೂ ಕಾಗದದ ಮೇಲೆ ಬರೆಸಿಕೊಳ್ಳಿ. ಪದದ ಪೂರ್ತಿ ಪಾಠ ಇರಲಿ, ಅಂಕಿತ ಸಮೇತ. ನಿಮ್ಮ ಹೆಸರು ಎಲ್ಲಿ ಬರುತ್ತದೆ ಅನ್ನೋದೂ ಇರಲಿ. ನಂಬಿಕೆ ಬೇರೆ, ಕಾಗದ ಬೇರೆ.

ಆಮೇಲೆ ಬಂದದ್ದು ಹೊಳೆ. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರಿನ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಮಲಪ್ರಭೆ ನಮ್ಮ ಓಣಿಗೆ ಬಂತು. ಮಣ್ಣಿನ ಗೋಡೆ ಕುಸಿಯುವ ಮೊದಲು ಅವ್ವನನ್ನು ಎತ್ತಿಕೊಂಡು ಗುಡಿಯ ಕಟ್ಟೆಗೆ ಹೋದೆವು. ತಮ್ಮ ತಬಲಾ ಹೊತ್ತು ತಂದ. ನಾನು ಪೇಟಿ ತಂದೆ. ಟ್ರಂಕಿನಲ್ಲಿದ್ದ ಹನ್ನೊಂದು ನೋಟ್‌ಬುಕ್ ಯಾರ ನೆನಪಿಗೂ ಬರಲಿಲ್ಲ. ನೀರು ಇಳಿದ ಮೇಲೆ ಟ್ರಂಕ್ ಸಿಕ್ಕಿತು. ಒಳಗೆ ಕೆಸರಿನ ಮುದ್ದೆ. ಮಸಿ ಪೂರ್ತಿ ಕರಗಿತ್ತು. ಮೂವತ್ತು ವರ್ಷದ ಬರಹ. ಎಣಿಸಿಟ್ಟಿದ್ದೆ, 240ಕ್ಕೂ ಜಾಸ್ತಿ ಪದಗಳು.

ಪೇಟಿಗೂ ನೀರು ತಗುಲಿತ್ತು. ಅದನ್ನು ಬಿಚ್ಚಿ ಒಣಗಿಸುವ ಕೆಲಸ ಕೈಗೆ ಸಿಕ್ಕಿದ್ದು ಆ ದಿನಗಳಲ್ಲಿ ನನ್ನನ್ನು ಕಾಪಾಡಿತು. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು ಕೆಸರು ಒರೆಸಿದೆ. ರೀಡಿನ ತುದಿಯನ್ನು ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೂದಲೆಳೆಯಷ್ಟು ಜಾಸ್ತಿ ಕೆರೆದರೂ ರೀಡು ಹಾಳು. ತಿದಿಯ ಚರ್ಮ ಪೂರ್ತಿ ಹೊಸದು ಹಾಕಿಸಿದೆ. ಒಂದೂವರೆ ತಿಂಗಳು ಹಿಡಿಯಿತು.

ಅಷ್ಟರಲ್ಲಿ ಮಗಳು ಒಂದು ಕೆಲಸ ಶುರು ಮಾಡಿದ್ದಳು. ಆಗ ಅವಳು ಶಿಕ್ಷಕಿಯ ತರಬೇತಿಯಲ್ಲಿದ್ದಳು, ರಜೆ ಹಾಕಿ ಬಂದಿದ್ದಳು. ಅವರವ್ವನನ್ನು ಕೂರಿಸಿಕೊಂಡು, "ಅಪ್ಪನ ಪದಾ ಎಷ್ಟ ಬರತಾವ ಹೇಳವ್ವಾ" ಅಂತ ಬರೆದುಕೊಳ್ಳತೊಡಗಿದಳು. ಅವಳವ್ವನ ಬಾಯಿಂದಲೇ ಎಪ್ಪತ್ತು ಪದ ಬಂದವು. ಆಮೇಲೆ ಸುತ್ತಲಿನ ಊರುಗಳ ಭಜನಾ ಮೇಳಗಳಿಗೆ ಹೋದಳು. ನಾಟಕದಲ್ಲಿ ಪಾರ್ಟು ಮಾಡಿದ್ದ ರೈತರನ್ನು ಹುಡುಕಿದಳು. ಎರಡು ವರ್ಷದಲ್ಲಿ 117 ಪದ ತಿರುಗಿ ಬಂದವು.

ಆ 117ರ ಪಟ್ಟಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಬಹುಮಾನ ಬಂದ ಜೋಗಿಯಾದ ಪದ ಅದರಲ್ಲಿಲ್ಲ. ಎಷ್ಟು ನೆನೆದರೂ ನನಗೂ ಎರಡು ಸಾಲಿಗಿಂತ ಜಾಸ್ತಿ ಬರಲಿಲ್ಲ. ಮೊದಲ ಮೊಹರಂನ ಒಂದೂವರೆ ನುಡಿ ಇತ್ತು, ಕಾಕಾನ ಮೊಮ್ಮಗನ ಬಾಯಲ್ಲಿ. 'ಹಂಸಾ' ಪದ ನಾಲ್ಕು ಊರಿನಿಂದ ನಾಲ್ಕು ರೀತಿಯಲ್ಲಿ ಬಂತು. ಒಂದು ಊರಿನವರು ತಮ್ಮ ದೇವರ ಅಂಕಿತ ಸೇರಿಸಿಕೊಂಡಿದ್ದರು. ಮೂರನೇ ನುಡಿಯಲ್ಲಿ ನಾನು ಬರೆದದ್ದು "ರಾಶಿ ಮುಗಿದ ಮೇಲೆ ಕಣವು ಬರಿದಾಗುವುದು" ಅಂತ. ಆ ಊರಿನಿಂದ ಬಂದ ಸಾಲು ಹೀಗಿತ್ತು:

ರಾಶಿ ಮುಗಿದ ಮ್ಯಾಲ ಕಣಕೇನ ಕಾವಲಾ

ಯಾರು ಬದಲಿಸಿದರೋ ಗೊತ್ತಿಲ್ಲ. ಕೇಳಿದರೆ "ಮೊದಲಿಂದ ಹಂಗ ಐತ್ರಿ" ಅಂದರಂತೆ. ನನ್ನ ಸಾಲಿನಲ್ಲಿ ಕಣ ಬರಿದಾಗುವುದು ಮಾತ್ರ ಇತ್ತು. ಅವರ ಸಾಲಿನಲ್ಲಿ ರಾತ್ರಿಯಿಡೀ ಕಣ ಕಾಯುವ ಮನುಷ್ಯ ಬಂದ, ಅವನ ಕಂಬಳಿ ಬಂತು, ಅವನು ಎದ್ದು ಮನೆಗೆ ಹೋಗುವ ಹಗುರ ಬಂತು. ನಾನು ಈಗ ಅವರ ಸಾಲನ್ನೇ ಹಾಡುತ್ತೇನೆ. ಅಂಕಿತವನ್ನೂ ಆ ಊರಿಗೆ ಹೋದಾಗ ಅವರದೇ ಹಾಡುತ್ತೇನೆ. ಕ್ಯಾಸೆಟ್ಟಿನವರ ಮೇಲಿನ ಸಿಟ್ಟು ಮಾತ್ರ ಇನ್ನೂ ಇದೆ. ಊರವರು ಹಾಡುತ್ತಾ ಹಾಡುತ್ತಾ ಬದಲಿಸಿದ್ದು ಬೇರೆ, ಮಾರುವುದಕ್ಕಾಗಿ ಬದಲಿಸಿದ್ದು ಬೇರೆ. ಎರಡನ್ನೂ ಒಂದೇ ಅನ್ನುವವರ ಜೊತೆ ನಾನು ವಾದ ಮಾಡುತ್ತೇನೆ.

ಹೊಳೆ ಬಂದ ಮುಂದಿನ ವರ್ಷ, 2010ರ ಸೆಪ್ಟೆಂಬರ್ 17ರಂದು, ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದರು. ತಮ್ಮನೂ ನಾನೂ ಗದಗಿಗೆ ಹೋದೆವು. ಕಣ್ಣಿಲ್ಲದ ಶಿಷ್ಯರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ನಡೆಯುತ್ತಿದ್ದರು. ನಮ್ಮ ಮಾಸ್ತರು ಅಷ್ಟರಲ್ಲಿ ಇರಲಿಲ್ಲ. ಅವರ ಪರವಾಗಿಯೂ ಕೈ ಮುಗಿದು ಬಂದೆವು.

2021ರ ಮೇ ತಿಂಗಳಲ್ಲಿ ತಮ್ಮ ಹೋದ. ಕೊರೋನಾ. ಆಸ್ಪತ್ರೆಯಿಂದ ಅವನನ್ನು ಮನೆಗೆ ತರಲಿಲ್ಲ. ಪಡಸಾಲೆ ಖಾಲಿ ಇತ್ತು. ನಲವತ್ತು ವರ್ಷ ಸುತ್ತಲಿನ ಹಳ್ಳಿಗಳ ಸಾವಿನ ಮನೆಗಳಲ್ಲಿ ಬೆಳಗಿನವರೆಗೆ ತಬಲಾ ಬಾರಿಸಿದವನಿಗೆ ಒಂದು ತಾಸಿನ ಭಜನೆಯೂ ಆಗಲಿಲ್ಲ. ಮೇಳದವರು ಫೋನ್ ಮಾಡಿ ಅತ್ತರು. ನಾನು ಪೇಟಿಯ ಮೇಲೆ ಬಟ್ಟೆ ಮುಚ್ಚಿ ಇಟ್ಟೆ. ಯಾರು ಏನು ಹೇಳಿದರೂ ತೆಗೆಯಲಿಲ್ಲ. ಆ ದಿನಗಳಲ್ಲಿ ನಂಬಿಕೆ ಇತ್ತೇ ಅಂತ ಕೇಳಿದರೆ, ಸಿಟ್ಟು ಇತ್ತು ಅಂತ ಹೇಳುತ್ತೇನೆ. ಸಿಟ್ಟು ಮಾಡಲೂ ಎದುರಿಗೆ ಯಾರೋ ಇರಬೇಕಲ್ಲ ಅಂತ ಆಮೇಲೆ ಅನ್ನಿಸಿದ್ದುಂಟು.

ಮುಂದಿನ ವರ್ಷ ಅವನ ತಿಥಿಯ ದಿನ ಹೆಂಡತಿ ಹೇಳಿದಳು, "ನಿಮ್ಮ ತಮ್ಮಗ ಒಂದ ರಾತ್ರಿ ಬಾಕಿ ಐತಿ." ಮೇಳದವರಿಗೆ ಹೇಳಿ ಕಳಿಸಿದೆವು. ಐದು ಊರಿನವರು ಬಂದರು. ಪಡಸಾಲೆಯಲ್ಲಿ ಅವನ ಫೋಟೋ, ಅದರ ಮುಂದೆ ಅವನ ತಬಲಾ. ಬಾರಿಸಲು ಅವನ ಮಗ ಕೂತ, ಹದಿನಾಲ್ಕು ವರ್ಷದ ಹುಡುಗ. ಅಪ್ಪನಿಂದ ಕೆರವಾ ಮತ್ತು ದಾದರಾ ಎರಡೇ ಕಲಿತಿದ್ದ. ಅವನ ಲಯ ಓಡುತ್ತಿತ್ತು. ತಡೆಯಲು ಹೋಗಲಿಲ್ಲ, ಆ ಎರಡು ತಾಳಕ್ಕೆ ಕೂಡುವ ಪದಗಳನ್ನಷ್ಟೇ ಎತ್ತುತ್ತಾ ಹೋದೆ. ರಾತ್ರಿ ಎರಡು ಗಂಟೆಯ ಮೇಲೆ 'ಹೊತ್ತು ಮುಳುಗಿತೋ' ಎತ್ತಿದೆ. 'ಹಂಸಾ' ಅಂತ ಎಳೆಯುವ ಜಾಗದಲ್ಲಿ ಹುಡುಗ ಒಂದು ಕ್ಷಣ ಕೈ ಹಿಡಿದು, ಅಪ್ಪ ಮಾಡುತ್ತಿದ್ದ ಹಾಗೇ ಎಡಗೈಯಿಂದ ಗುಮ್ಮೆನ್ನುವ ಒಂದು ಗುಮಕಿ ಕೊಟ್ಟ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಕೇಳಿಯೇ ಬಂದದ್ದು. ಅಲ್ಲಿಂದ ಬೆಳಗಿನವರೆಗೆ ಲಯ ಓಡಲಿಲ್ಲ.

2025ರಲ್ಲಿ ಮೊಹರಂ ಜುಲೈಯಲ್ಲಿ ಬಂತು, ಮುಂಗಾರಿನ ಹಸಿಯಲ್ಲಿ. ಅಲಾಯಿ ಕುಣಿಯ ಕಟ್ಟಿಗೆ ಬೇಗ ಹೊತ್ತಿಕೊಳ್ಳಲಿಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅದೇ ಹುಡುಗ ಒಂದು ಹಾಳೆ ಹಿಡಿದು ಬಂದ. "ದೊಡ್ಡಪ್ಪಾ, ಒಂದ ರಿವಾಯತ್ ಬರದೀನಿ, ನೋಡ್ತಿಯೇನು?" ಅಂದ. ಮೂರು ನುಡಿ ಇದ್ದವು. ಕೊನೆಯ ನುಡಿಯಲ್ಲಿ ಅಂಕಿತದ ಜಾಗ ಖಾಲಿ ಬಿಟ್ಟಿದ್ದ. ಯಾವುದು ಹಾಕಲಿ ಅಂತ ಕೇಳಿದ. ಅದು ಆಮೇಲೆ ನೋಡೋಣ, ಮೊದಲು ಎದ್ದು ನಿಂತು ಹೆಜ್ಜೆ ಹಾಕಿ ಹಾಡು ಅಂದೆ. ಅಂಗಳ ಹಸಿ ಇತ್ತು. ಚಪ್ಪಲಿ ಬಿಟ್ಟು ನಿಂತ. ಒಲೆಯ ಮುಂದಿನಿಂದ ಅವಳೂ ಎದ್ದು ಬಂದು ಬಾಗಿಲಲ್ಲಿ ನಿಂತಳು.